‘ಸ್ಮಾಲ್ ವರ್ಲ್ಡ್’ ಓದುವವರಿಗೆ: ಏರ್‌ಪೋರ್ಟ್ ಕೌಂಟರ್ ಕಡೆ ಒಂದು ಕಣ್ಣಿರಲಿ

ಡೇವಿಡ್ ಲಾಡ್ಜ್ ಅವರ ಇಂಗ್ಲಿಷ್ ಕಾದಂಬರಿ ‘ಸ್ಮಾಲ್ ವರ್ಲ್ಡ್’ ನನ್ನ ಕೈಗೆ ಬಂದಿದ್ದು ಎಂ.ಎ. ಎರಡನೇ ವರ್ಷದಲ್ಲಿ. ಅರ್ಧಕ್ಕೇ ಮುಚ್ಚಿಟ್ಟೆ. ನಾಲ್ಕು ಪುಟ ತಿರುಗಿಸಿದರೆ ಒಬ್ಬ ಹೊಸ ಪ್ರೊಫೆಸರ್ ಬರುತ್ತಾನೆ, ವಿಮಾನ ಹತ್ತುತ್ತಾನೆ, ಯಾರ ಮೇಲೋ ಕಣ್ಣು ಹಾಕುತ್ತಾನೆ. ಅವನ ಹೆಸರು ಬಾಯಿಗೆ ಕೂರುವಷ್ಟರಲ್ಲಿ ಇನ್ನೊಬ್ಬ ಹಾಜರ್. ಲವ್ ಸ್ಟೋರಿ ಅಂತ ಶುರು ಮಾಡಿದ್ದು ರೈಲ್ವೆ ಟೈಮ್‌ಟೇಬಲ್ ಓದಿದ ಹಾಗಾಯಿತು.

ಎರಡನೇ ಸಲ ಓದಿದಾಗ ಮಾತ್ರ ಹಿಡಿತಕ್ಕೆ ಸಿಕ್ಕಿತು. ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ಎರಡಕ್ಕೂ ಕಾರಣ ಈ ಟಿಪ್ಪಣಿಯಲ್ಲಿದೆ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಬೇಜಾರಾಗುವವರು ಇಲ್ಲೇ ನಿಲ್ಲಿಸಿ.

ಹಿನ್ನೆಲೆ ಚುಟುಕಾಗಿ. ಲಾಡ್ಜ್ 1960ರಿಂದ 1987ರವರೆಗೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 2025ರ ಜನವರಿ 1ರಂದು ತೀರಿಕೊಂಡರು. ಕ್ಯಾಂಪಸ್ ಬಗ್ಗೆ ಅವರು ಬರೆದ ಮೂರು ಕಾದಂಬರಿಗಳ ಸರಣಿಯಲ್ಲಿ ಇದು ನಡುವಿನದು. ‘ಚೇಂಜಿಂಗ್ ಪ್ಲೇಸಸ್’ 1975ರದ್ದು, ಇದು 1984ರದ್ದು, ‘ನೈಸ್ ವರ್ಕ್’ 1988ರದ್ದು. ಮೂರರಲ್ಲೂ ರಮ್ಮಿಜ್ ಅನ್ನುವ ಊರು ಬರುತ್ತದೆ. ಅದು ವೇಷ ಹಾಕಿದ ಬರ್ಮಿಂಗ್‌ಹ್ಯಾಮ್. ‘ಸ್ಮಾಲ್ ವರ್ಲ್ಡ್’ 1984ರ ಬೂಕರ್ ಕೊನೆಯ ಪಟ್ಟಿಯಲ್ಲಿತ್ತು, ಬಹುಮಾನ ಬರಲಿಲ್ಲ. ಪರೀಕ್ಷೆಗೆ ಇಷ್ಟು ಸಾಕು.

ರೊಮ್ಯಾನ್ಸ್ ಅಂದ್ರೆ ಯಾವ ರೊಮ್ಯಾನ್ಸ್?

ಪುಸ್ತಕದ ಉಪಶೀರ್ಷಿಕೆಯಲ್ಲೇ ರೊಮ್ಯಾನ್ಸ್ ಅನ್ನುವ ಪದವಿದೆ. ನಾನು ಎಡವಿದ್ದು ಇಲ್ಲೇ. ನಮಗೆ ರೊಮ್ಯಾನ್ಸ್ ಅಂದ್ರೆ ಮಳೆ, ಹಾಡು, ಹೀರೊ ಹೀರೊಯಿನ್. ಇಂಗ್ಲಿಷ್ ಸಾಹಿತ್ಯದಲ್ಲಿ ಆ ಪದಕ್ಕೆ ಇನ್ನೊಂದು ಹಳೆಯ ಅರ್ಥವಿದೆ. ಕುದುರೆ ಏರಿದ ವೀರ ಏನನ್ನೋ ಹುಡುಕಿಕೊಂಡು ಹೊರಡುತ್ತಾನೆ. ದಾರಿಯಲ್ಲಿ ಕೋಟೆ, ಮಾಟ, ಮಾರುವೇಷ, ಅವಳಿಗಳು, ತೊಟ್ಟಿಲಲ್ಲೇ ಕಳೆದುಹೋದ ಮಕ್ಕಳು. ಒಂದು ಸಾಹಸ ಮುಗಿಯುವ ಮೊದಲೇ ಇನ್ನೊಂದು ಶುರು. ಆರ್ಥರ್ ರಾಜನ ಕಥೆಗಳು, ಅರಿಯೋಸ್ಟೋನ ‘ಒರ್ಲ್ಯಾಂಡೋ ಫ್ಯೂರಿಯೋಸೊ’, ಸ್ಪೆನ್ಸರ್‌ನ ‘ಫೇರಿ ಕ್ವೀನ್’ ಎಲ್ಲ ಈ ಜಾತಿಯವು.

ಲಾಡ್ಜ್ ಮಾಡಿದ್ದು ಇಷ್ಟೇ. ವೀರರ ಜಾಗದಲ್ಲಿ ಪ್ರೊಫೆಸರುಗಳನ್ನು ಕೂರಿಸಿದರು, ಕುದುರೆ ಬದಲು ಜೆಟ್ ವಿಮಾನ ಕೊಟ್ಟರು, ಕೋಟೆಗಳ ಬದಲು ಹಿಲ್ಟನ್ ಥರದ ಹೋಟೆಲುಗಳಲ್ಲಿ ನಡೆಯುವ ಸೆಮಿನಾರುಗಳನ್ನು ಇಟ್ಟರು. ಮೊದಲ ಪುಟದಲ್ಲೇ ಇಂಗ್ಲಿಷಿನ ಹಳೆಯ ಕವಿ ಚಾಸರ್‌ನ ಕಾವ್ಯದಲ್ಲಿ ಬರುವ ಯಾತ್ರಿಕರ ನೆನಪು ತರುತ್ತಾರೆ: ಏಪ್ರಿಲ್ ಬಂದರೆ ಆಗಿನವರಿಗೆ ತೀರ್ಥಯಾತ್ರೆ, ಈಗಿನವರಿಗೆ ಸಮ್ಮೇಳನ. ಪುಣ್ಯ ಸಂಪಾದನೆ ಅಂತ ಹೆಸರು, ಊರು ಸುತ್ತುವ ಮೋಜು ಒಳಗುಟ್ಟು. ನಮ್ಮಲ್ಲೂ ಧರ್ಮಸ್ಥಳಕ್ಕೆ ಹೋದವರು ಹಾಗೇ ಒಂದು ದಿನ ಮಂಗಳೂರು ಬೀಚ್ ನೋಡಿಕೊಂಡು ಬರುವುದಿಲ್ವಾ?

ಇದು ಗೊತ್ತಾದರೆ, ‘ಛೇ, ಇಷ್ಟೊಂದು ಕಾಕತಾಳೀಯ ಯಾಕೆ’ ಅನ್ನುವ ದೂರು ಬಿದ್ದುಹೋಗುತ್ತದೆ. ಕೆಎಲ್‌ಎಂ ವಿಮಾನದ ಶೌಚಾಲಯದಲ್ಲಿ ಇಬ್ಬರು ಹಸುಗೂಸುಗಳು ಸಿಗುತ್ತವೆ. ಆ ಕಂಪನಿಯ ಅಧಿಕಾರಿಯೇ ದತ್ತು ತೆಗೆದುಕೊಳ್ಳುತ್ತಾನೆ. ಹೆತ್ತವರು ಯಾರು ಅನ್ನುವುದು ಕೊನೆಯ ಭಾಗದಲ್ಲಿ ತುಂಬಿದ ಸಭೆಯ ನಡುವೆ ಬಯಲಾಗುತ್ತದೆ. ಪೆಟ್ಟಿಗೆಯಲ್ಲಿ ತೇಲಿಬಂದ ಕರ್ಣನ ಕಥೆ ಕೇಳಿ ಬೆಳೆದವರಿಗೆ ಇದರಲ್ಲಿ ಏನು ಆಶ್ಚರ್ಯ? ಹಳೆಯ ಸಿನಿಮಾಗಳ ಅವಳಿ-ಜವಳಿ ಸೂತ್ರವೂ ಇದೇ. ಲಾಡ್ಜ್ ಅದನ್ನು ಬೇಕಂತಲೇ ಅತಿ ಮಾಡಿದ್ದಾರೆ.

ಪರ್ಸ್ ಮತ್ತು ಅವನ ಓಟ

ನಾಯಕನ ಹೆಸರು ಪರ್ಸ್ ಮೆಕ್‌ಗ್ಯಾರಿಗಲ್. ಜೇಬಿನ ಪರ್ಸ್ ಅಲ್ಲ, ಆರ್ಥರ್ ಕಥೆಗಳ ಪರ್ಸೆವಲ್ ಅನ್ನುವ ವೀರನ ನೆರಳು. ಐರ್ಲೆಂಡಿನ ಲಿಮರಿಕ್‌ನಿಂದ ಬಂದ ಮುಗ್ಧ ಹುಡುಗ, ಕವಿ, ಹೆಣ್ಣಿನ ಸಹವಾಸ ಗೊತ್ತಿಲ್ಲದ ಕ್ಯಾಥೊಲಿಕ್. ಅವನಿಗೆ ಕೆಲಸ ಸಿಕ್ಕಿದ್ದೇ ಹೆಸರಿನ ಗೊಂದಲದಿಂದ. ಇನ್ನೊಬ್ಬ ಮೆಕ್‌ಗ್ಯಾರಿಗಲ್‌ಗೆ ಸಿಗಬೇಕಿದ್ದ ಹುದ್ದೆ ಇವನ ಪಾಲಾಗಿರುತ್ತದೆ. ಈ ವಿಷಯ ನೆನಪಿಟ್ಟುಕೊಳ್ಳಿ, ಲಾಡ್ಜ್ ಕೊನೆಯಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ.

1979ರ ಏಪ್ರಿಲ್‌ನಲ್ಲಿ ರಮ್ಮಿಜ್‌ನ ಸಮ್ಮೇಳನಕ್ಕೆ ಬರುತ್ತಾನೆ. ಹೊರಗೆ ಹಿಮ, ಹಾಸ್ಟೆಲ್ ರೂಮುಗಳಲ್ಲಿ ಚಳಿ. ಅಲ್ಲಿ ಆಂಜೆಲಿಕಾ ಪ್ಯಾಬ್ಸ್ಟ್ ಕಾಣುತ್ತಾಳೆ, ಒಂದೇ ನೋಟಕ್ಕೆ ಇವನ ಕಥೆ ಮುಗಿಯಿತು. ಅವಳೋ ಅವನನ್ನು ಆಟ ಆಡಿಸುತ್ತಾಳೆ. ಕೀಟ್ಸ್‌ನ ‘ದಿ ಈವ್ ಆಫ್ ಸೇಂಟ್ ಆಗ್ನೆಸ್’ ಪದ್ಯದಲ್ಲಿ ಪ್ರಿಯಕರ ಬೀರುವಿನಲ್ಲಿ ಅಡಗಿ ನಲ್ಲೆಯನ್ನು ನೋಡುತ್ತಾನಲ್ಲ, ಹಾಗೇ ನೀನೂ ಅಡಗಿಕೋ ಅಂತ ಕಳಿಸುತ್ತಾಳೆ. ಇವನು ನಂಬಿ ಬೀರುವಿನೊಳಗೆ ನಿಂತರೆ, ಕೋಣೆಗೆ ಬರುವುದು ಅವಳಲ್ಲ, ರಾಬಿನ್ ಡೆಂಪ್ಸಿ ಅನ್ನುವ ಮಧ್ಯವಯಸ್ಸಿನ ಪ್ರೊಫೆಸರ್! ನಾನು ಜೋರಾಗಿ ನಕ್ಕ ಮೊದಲ ಜಾಗ ಇದು. ಕೀಟ್ಸ್ ಪದ್ಯವನ್ನು ಮೊದಲೇ ಓದಿಕೊಂಡರೆ ನಗು ಇಮ್ಮಡಿ. ಆಮೇಲೆ ಆಂಜೆಲಿಕಾ ಮಾಯ. ಆಮ್‌ಸ್ಟರ್‌ಡ್ಯಾಮ್, ಲೊಸಾನ್, ಹವಾಯಿ, ಟೋಕಿಯೊ, ಸೋಲ್, ಜೆರುಸಲೇಮ್ ಅಂತ ಅವಳ ಬೆನ್ನು ಹತ್ತಿ ಇವನು ಅರ್ಧ ಭೂಮಿ ಸುತ್ತುತ್ತಾನೆ. ಅರಿಯೋಸ್ಟೋನ ಕಾವ್ಯದಲ್ಲೂ ವೀರರೆಲ್ಲ ಹಿಂದೆ ಬೀಳುವವಳ ಹೆಸರು ಆಂಜೆಲಿಕಾ.

ಅತ್ತ ಹಿರಿಯರ ಓಟ ಬೇರೆ. ಯುನೆಸ್ಕೊ ಸಾಹಿತ್ಯ ವಿಮರ್ಶೆಗೆ ಒಂದು ಪೀಠ, ಅಂದ್ರೆ ಪ್ರೊಫೆಸರ್ ಹುದ್ದೆ, ಮಾಡುತ್ತಿದೆ. ವರ್ಷಕ್ಕೆ ಒಂದು ಲಕ್ಷ ಡಾಲರ್, ತೆರಿಗೆ ಇಲ್ಲ, ಪಾಠ ಮಾಡಬೇಕಾಗಿಲ್ಲ, ಎಲ್ಲಿ ಬೇಕಾದರೂ ಇರಬಹುದು. ಎಲ್ಲರ ಬಾಯಲ್ಲೂ ನೀರು. ಅಮೆರಿಕದ ಮಾರಿಸ್ ಝ್ಯಾಪ್, ಇಟಲಿಯ ಶ್ರೀಮಂತ ಮಾರ್ಕ್ಸ್‌ವಾದಿ ಫುಲ್ವಿಯಾ ಮೊರ್ಗಾನಾ, ಒಂದು ಕೈಗೆ ಸದಾ ಕಪ್ಪು ಗ್ಲೌಸ್ ಹಾಕುವ ಜರ್ಮನ್ ಫಾನ್ ಟರ್ಪಿಟ್ಸ್, ಹೀಗೆ.

ಕೇಳದೆ ಉಳಿದ ಪ್ರಶ್ನೆ

ಇದು ಇಡೀ ಪುಸ್ತಕದ ಕೀಲಿ, ಸ್ವಲ್ಪ ನಿಧಾನವಾಗಿ ಹೋಗೋಣ.

ಹಳೆಯ ಕಥೆಯಲ್ಲಿ ಫಿಷರ್ ಕಿಂಗ್ ಅಂತ ಒಬ್ಬ ಗಾಯಗೊಂಡ ರಾಜ. ಅವನ ನಾಡು ಒಣಗಿದೆ. ಪರ್ಸೆವಲ್ ಅವನ ಮನೆಗೆ ಬರುತ್ತಾನೆ, ವಿಚಿತ್ರಗಳನ್ನೆಲ್ಲ ನೋಡುತ್ತಾನೆ, ಆದರೆ ಮರ್ಯಾದೆಗೆ ಅಂಜಿ ಏನನ್ನೂ ಕೇಳುವುದಿಲ್ಲ. ಕೇಳಿದ್ದರೆ ರಾಜ ವಾಸಿಯಾಗುತ್ತಿದ್ದ. ಜೆಸ್ಸಿ ವೆಸ್ಟನ್ ಅನ್ನುವ ವಿದ್ವಾಂಸೆ 1920ರಲ್ಲಿ ಈ ಕಥೆಗಳ ಮೇಲೆ ಪುಸ್ತಕ ಬರೆದರು, ಕವಿ ಟಿ.ಎಸ್. ಎಲಿಯಟ್ 1922ರ ‘ದಿ ವೇಸ್ಟ್ ಲ್ಯಾಂಡ್’ಗೆ ಅದನ್ನು ಬಳಸಿಕೊಂಡರು. ‘ದತ್ತ, ದಯಧ್ವಂ, ದಮ್ಯತ’ ಅಂತ ಬೃಹದಾರಣ್ಯಕ ಉಪನಿಷತ್ತಿನ ಮಾತು ಬರುವ ಅದೇ ಪದ್ಯ. ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದೀವಿ, ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಲಾಡ್ಜ್ ಕಾದಂಬರಿಯಲ್ಲಿ ವಿಮರ್ಶಕರ ಕುಲಪಿತಾಮಹನ ಹೆಸರು ಆರ್ಥರ್ ಕಿಂಗ್‌ಫಿಷರ್. ಫಿಷರ್ ಕಿಂಗ್ ತಿರುಗಾಮುರುಗಾ ಆಗಿದ್ದಾನೆ, ಅಷ್ಟೇ. ಮುದುಕನಿಗೆ ಹೊಸ ಯೋಚನೆಯೂ ಹುಟ್ಟುತ್ತಿಲ್ಲ, ಮೈಯೂ ಕೇಳುತ್ತಿಲ್ಲ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಎಂಎಲ್‌ಎ ಸಮ್ಮೇಳನದಲ್ಲಿ ಎಲ್ಲರೂ ಸೇರುತ್ತಾರೆ. ಎಂಎಲ್‌ಎ ಅಂದ್ರೆ ಶಾಸಕರಲ್ಲ, ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್. (ನನ್ನ ರೂಮ್‌ಮೇಟ್ ಈ ಭಾಗ ಕೇಳಿ, ಎಂಎಲ್‌ಎಗಳು ಹೋಟೆಲಲ್ಲಿ ಸೇರಿದರೆ ಅದು ರೆಸಾರ್ಟ್ ರಾಜಕೀಯ ಅಲ್ವಾ ಅಂದಿದ್ದಳು.) ವಿಮರ್ಶೆ ಇರುವುದು ಯಾತಕ್ಕೆ ಅನ್ನುವ ಗೋಷ್ಠಿ, ಅಧ್ಯಕ್ಷತೆ ಕಿಂಗ್‌ಫಿಷರ್‌ದು. ಘಟಾನುಘಟಿಗಳು ಒಬ್ಬೊಬ್ಬರಾಗಿ ತಮ್ಮ ತಮ್ಮ ಸಿದ್ಧಾಂತ ಊದುತ್ತಾರೆ. ಸಭಿಕರ ನಡುವಿಂದ ಪರ್ಸ್ ಎದ್ದು ಕೇಳುತ್ತಾನೆ: ಎಲ್ಲರೂ ನಿಮ್ಮ ಮಾತನ್ನೇ ಒಪ್ಪಿಬಿಟ್ಟರೆ, ಮುಂದೇನು?

ವೇದಿಕೆಯಲ್ಲಿದ್ದವರ ಹತ್ತಿರ ಉತ್ತರವಿಲ್ಲ. ಕಿಂಗ್‌ಫಿಷರ್ ಮುಖದಲ್ಲಿ ಮಾತ್ರ ಕಳೆ ಬರುತ್ತದೆ. ಕೊರೆಯುವ ಚಳಿಯ ಮ್ಯಾನ್‌ಹ್ಯಾಟನ್‌ನಲ್ಲಿ ಇದ್ದಕ್ಕಿದ್ದಂತೆ ಬೆಚ್ಚನೆ ಗಾಳಿ ಬೀಸುತ್ತದೆ. ಒಣಗಿದ ನಾಡಿಗೆ ಜೀವ ಬಂತು ಅಂತ ಲೆಕ್ಕ. ಯುನೆಸ್ಕೊ ಪೀಠವನ್ನು ಕೊನೆಗೆ ಮುದುಕನೇ ಹೊಡೆದುಕೊಳ್ಳುತ್ತಾನೆ, ಅದು ಬೇರೆ ಮಾತು.

ಆ ಪ್ರಶ್ನೆ ಪ್ರೀತಿಗೂ ಸಲ್ಲುತ್ತದೆ. ಬೆನ್ನು ಹತ್ತಿದವಳು ಸಿಕ್ಕಿಬಿಟ್ಟರೆ ಮುಂದೇನು? ಪರ್ಸ್‌ಗೆ ಒಮ್ಮೆ ಆಂಜೆಲಿಕಾ ಸಿಗುತ್ತಾಳೆ ಕೂಡ. ಆಮೇಲೆ ನೋಡಿದರೆ ಅವಳು ಆಂಜೆಲಿಕಾಳ ಅವಳಿ ಸೋದರಿ ಲಿಲಿ. ವಿಮಾನದ ಶೌಚಾಲಯದಲ್ಲಿ ಸಿಕ್ಕ ಹಸುಗೂಸುಗಳು ಈ ಇಬ್ಬರೇ. ಆಂಜೆಲಿಕಾಗೆ ಆಗಲೇ ಮದುವೆ ಗೊತ್ತಾಗಿದೆ, ಹುಡುಗ ಪೀಟರ್ ಮೆಕ್‌ಗ್ಯಾರಿಗಲ್. ಹೌದು, ಯಾರ ಕೆಲಸ ಇವನಿಗೆ ಸಿಕ್ಕಿತ್ತೋ ಅವನೇ! ಶುರುವಿನಲ್ಲಿ ಝ್ಯಾಪ್ ಮಾಡುವ ಭಾಷಣಕ್ಕೆ ಹಿಂತಿರುಗಿ. ಓದುವುದು ಒಂಥರಾ ಸ್ಟ್ರಿಪ್‌ಟೀಸ್, ಅರ್ಥ ಇನ್ನೇನು ಕಂಡಿತು ಅನ್ನುವಾಗ ಇನ್ನೊಂದು ಪರದೆ ಬೀಳುತ್ತದೆ ಅಂತ ಅವನ ವಾದ. ಪರ್ಸ್‌ಗೆ ಆಗಿದ್ದೂ ಅದೇ. ಕ್ಲಾಸಿನಲ್ಲಿ ತಲೆಗೆ ಹತ್ತದ ಥಿಯರಿ ಇಲ್ಲಿ ವಿಮಾನ ಹತ್ತಿ ಓಡಾಡುತ್ತದೆ.

ಜಿಡ್ಡು, ಮತ್ತು ಮುಗಿಯದ ಪೇಪರ್

ಚಿಕ್ಕ ಪಾತ್ರಗಳಲ್ಲಿ ಇಬ್ಬರನ್ನು ಬಿಡಬೇಡಿ. ರೊನಾಲ್ಡ್ ಫ್ರಾಬಿಷರ್ ಒಬ್ಬ ಕಾದಂಬರಿಕಾರ. ಒಂದು ವಿಶ್ವವಿದ್ಯಾಲಯದವರು ಅವನ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಅವನ ಅಚ್ಚುಮೆಚ್ಚಿನ ಪದ ‘ಜಿಡ್ಡು’ ಅಂತ ಕಂಡುಹಿಡಿದು ಹೇಳುತ್ತಾರೆ. ಅವತ್ತಿನಿಂದ ಬಡಪಾಯಿಗೆ ಒಂದು ಸಾಲು ಬರೆಯಲು ಆಗುವುದಿಲ್ಲ. ಪೆನ್ನು ಹಿಡಿದರೆ ಸಾಕು, ಜಿಡ್ಡು ನೆನಪಾಗುತ್ತದೆ. ಇದನ್ನು ಓದಿ ನನ್ನದೇ ಹಳೆಯ ಅಸೈನ್‌ಮೆಂಟ್ ತೆಗೆದು ನೋಡಿದೆ. ಎರಡೇ ಪುಟದಲ್ಲಿ ‘ಮುಖ್ಯವಾಗಿ’ ಹನ್ನೊಂದು ಸಲ. ಹೊಡೆದುಹಾಕುತ್ತಾ ಹೋದೆ, ವಾಕ್ಯಗಳಿಗೆ ಏನೂ ಆಗಲಿಲ್ಲ.

ಇನ್ನೊಬ್ಬ ಆಸ್ಟ್ರೇಲಿಯಾದ ರಾಡ್ನಿ ವೇನ್‌ರೈಟ್. ಜೆರುಸಲೇಮ್ ಸಮ್ಮೇಳನಕ್ಕೆ ಪೇಪರ್ ಒಪ್ಪಿಕೊಂಡಿದ್ದಾನೆ, ಆದರೆ ಒಂದು ವಾಕ್ಯಕ್ಕೆ ಬಂದು ಗಕ್ಕನೆ ನಿಂತಿದ್ದಾನೆ. ತಿಂಗಳುಗಳು ಉರುಳಿದರೂ ವಾಕ್ಯ ಮುಂದಕ್ಕೆ ಹೋಗುತ್ತಿಲ್ಲ. ಕೊನೆಗೆ ಅರೆಬರೆ ಪೇಪರ್ ಹಿಡಿದುಕೊಂಡೇ ವೇದಿಕೆ ಹತ್ತುತ್ತಾನೆ. ಓದುತ್ತಾ ಓದುತ್ತಾ ಆ ವಾಕ್ಯ ಹತ್ತಿರ ಬರುತ್ತಿದೆ, ಬೆವರು ಇಳಿಯುತ್ತಿದೆ. ಅಷ್ಟರಲ್ಲಿ ಯಾರಿಗೋ ಅಂಟುರೋಗದ ಗುಮಾನಿ ಅಂತ ಗದ್ದಲವೆದ್ದು ಸಮ್ಮೇಳನವೇ ಬರಖಾಸ್ತು! ಇದನ್ನು ಓದುವಾಗ ನನ್ನ ಅಂಗೈಯೂ ಬೆವರಿತ್ತು. ಒಂದು ಕಾಲೇಜಿನ ಎರಡು ದಿನದ ಸೆಮಿನಾರಿನಲ್ಲಿ ನನ್ನ ಪೇಪರ್‌ಗೂ ಕೊನೆಯ ಪುಟ ಇರಲಿಲ್ಲ. ಊಟಕ್ಕೆ ಮೊದಲಿನ ಸರದಿ. ಕೆಳಗಿನಿಂದ ಸಾರಿನ ಒಗ್ಗರಣೆ ವಾಸನೆ ಬಂತು, ಅಧ್ಯಕ್ಷರು ಗಡಿಯಾರ ನೋಡಿ ‘ಇನ್ನು ಎರಡೇ ನಿಮಿಷದಲ್ಲಿ ಮುಗಿಸಮ್ಮ’ ಅಂದರು. ಅವರಿಗೆ ಇವತ್ತಿಗೂ ಗೊತ್ತಿಲ್ಲ, ಅಲ್ಲಿಂದ ಮುಂದೆ ಏನೂ ಇರಲಿಲ್ಲ ಅಂತ. ಸರ್ಟಿಫಿಕೇಟ್ ಬಂತು.

ನನ್ನ ತಕರಾರು

ಹೆಣ್ಣು ಪಾತ್ರಗಳ ವಿಷಯದಲ್ಲಿ ಈ ಪುಸ್ತಕ ನನಗೆ ಪೂರ್ತಿ ಒಗ್ಗಲಿಲ್ಲ. ಓಡುವವರು ಗಂಡಸರು, ಸಿಗಬೇಕಾದವಳು ಹೆಣ್ಣು. ಲಾಡ್ಜ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಆಂಜೆಲಿಕಾ ನ್ಯೂಯಾರ್ಕ್‌ನಲ್ಲಿ ಓದುವ ಪೇಪರೇ ರೊಮ್ಯಾನ್ಸ್ ಪ್ರಕಾರದ ಮೇಲೆ. ಅದು ಒಂದೇ ಶಿಖರ ಮುಟ್ಟಿ ಮುಗಿಯುವ ಕಥೆಯಲ್ಲ, ಮತ್ತೆ ಮತ್ತೆ ಏರಿ ಇಳಿಯುವ ಕಥೆ ಅಂತ ಅವಳು ವಾದಿಸುತ್ತಾಳೆ. ಬೆನ್ನು ಹತ್ತಿಸಿಕೊಂಡವಳೇ ಆ ಓಟದ ವ್ಯಾಕರಣ ಬಿಡಿಸಿಡುತ್ತಾಳೆ. ಚೆನ್ನಾಗಿದೆ. ಆದರೂ ಅವಳ ತಲೆಯೊಳಗೆ ನಮಗೆ ಪ್ರವೇಶವಿಲ್ಲ.

ಅದಕ್ಕೇ ನನಗೆ ಶೆರಿಲ್ ಸಮ್ಮರ್‌ಬೀ ಜಾಸ್ತಿ ಇಷ್ಟ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಚೆಕ್-ಇನ್ ಕೌಂಟರಿನ ಹುಡುಗಿ. ಯಾರಿಗೆ ಯಾವ ಸೀಟು ಅನ್ನುವುದು ಅವಳ ಕೈಯಲ್ಲಿದೆ. ನಯವಾಗಿ ಮಾತಾಡಿದವರಿಗೆ ಒಳ್ಳೆಯ ಸೀಟು, ಜಂಬ ತೋರಿಸಿದವರಿಗೆ ತಕ್ಕ ಶಾಸ್ತಿ. ಪ್ರೊಫೆಸರುಗಳು ತಮ್ಮ ಹಣೆಬರಹ ತಾವೇ ಬರೆದುಕೊಳ್ಳುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಬರೆಯುತ್ತಿರುವವಳು ಈ ಕೌಂಟರಿನಲ್ಲಿ ಕೂತಿದ್ದಾಳೆ. ಕಾದಂಬರಿಕಾರನ ಕೆಲಸವೂ ಇದೇ ತಾನೇ, ಯಾರ ಪಕ್ಕ ಯಾರನ್ನು ಕೂರಿಸುವುದು ಅಂತ?

ಮೊದಲು ನೋಡಿದಾಗ ಅವಳ ಕೈಯಲ್ಲಿ ಅಗ್ಗದ ಪ್ರೇಮ ಕಾದಂಬರಿಗಳು. ಪ್ರಕಾಶಕರ ಹೆಸರನ್ನು ಲಾಡ್ಜ್ ‘ಬಿಲ್ಸ್ ಅಂಡ್ ಮೂನ್’ ಅಂತ ಇಟ್ಟಿದ್ದಾರೆ. ‘ಮಿಲ್ಸ್ ಅಂಡ್ ಬೂನ್’ ಓದಿದವರಿಗೆ ವಿವರಿಸಬೇಕಾಗಿಲ್ಲ. ಮುಂದೊಮ್ಮೆ ಪರ್ಸ್ ಬಂದಾಗ ಅವಳು ಸ್ಪೆನ್ಸರ್, ಅರಿಯೋಸ್ಟೋ ಮಟ್ಟಕ್ಕೆ ಏರಿದ್ದಾಳೆ. ಆ ಕಡೆಯಿಂದ ಹಾದುಹೋದ ಆಂಜೆಲಿಕಾ ರುಚಿ ಹತ್ತಿಸಿದ್ದಾಳೆ. ರೊಮ್ಯಾನ್ಸ್ ಅಂದ್ರೆ ನಿಜವಾಗಿ ಏನು ಅಂತ ಪಿಎಚ್.ಡಿ.ಯವರಂತೆ ಪರ್ಸ್‌ಗೆ ಪಾಠ ಹೇಳುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ, ಮುಂದಿನ ವಿಮಾನ ಯಾವುದು ಅಂತ ವಿಚಾರಿಸುತ್ತಾನೆ. ಇಡೀ ಪುಸ್ತಕದಲ್ಲಿ ಪೀಠಕ್ಕಾಗಿ ಅಲ್ಲದೆ, ಹೆಸರಿಗಾಗಿ ಅಲ್ಲದೆ, ಸುಮ್ನೆ ಓದಬೇಕು ಅನಿಸಿ ಓದುವವಳು ಇವಳೊಬ್ಬಳೇ ಅಂತ ನನ್ನ ಲೆಕ್ಕ. ಅವಳಿಗೆ ಸಿಕ್ಕಿರುವುದು ಮಾತ್ರ ಬೆರಳೆಣಿಕೆಯ ದೃಶ್ಯಗಳು.

ತಾನು ಪ್ರೀತಿಸುತ್ತಿರುವುದು ಶೆರಿಲ್‌ಳನ್ನು ಅಂತ ಪರ್ಸ್‌ಗೆ ಹೊಳೆಯುವುದು ಎಲ್ಲ ಮುಗಿದ ಮೇಲೆ. ವರ್ಷದ ಕೊನೆಯ ದಿನ ಹೀಥ್ರೂಗೆ ಓಡಿಬರುತ್ತಾನೆ. ಕೌಂಟರಿನಲ್ಲಿ ಬೇರೆ ಹುಡುಗಿ. ಶೆರಿಲ್ ಈಗ ಅಲ್ಲಿಲ್ಲ, ಊರೂರು ಸುತ್ತಲು ಹೊರಟುಹೋಗಿದ್ದಾಳೆ. ಪರ್ಸ್ ವಿಮಾನಗಳ ಬೋರ್ಡಿನ ಮುಂದೆ ನಿಂತು, ಎಲ್ಲಿಂದ ಹುಡುಕಲು ಶುರು ಮಾಡಲಿ ಅಂತ ಊರುಗಳ ಹೆಸರು ನೋಡುತ್ತಾನೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ.

ನಮ್ಮ ಓದುವ ಗುಂಪಿನಲ್ಲಿ ಈ ಕೊನೆಯ ಬಗ್ಗೆ ಒಂದು ಸಂಜೆ ಪೂರ್ತಿ ಜಗಳವಾಯಿತು. ಪಾಪ ಅವನು ಅಂದವರು ಕೆಲವರು, ಆಗಬೇಕಾದ್ದೇ ಅಂದವರು ಕೆಲವರು. ಶೆರಿಲ್ ಎಲ್ಲಿಗೆ ಹೋಗಿರಬಹುದು ಅಂತ ನಾನು ಕೇಳಿದೆ. ಅಷ್ಟು ಹೊತ್ತು ಸುಮ್ಮನಿದ್ದ ಗೆಳತಿ ಟೀ ಲೋಟ ಕೆಳಗಿಟ್ಟು, ‘ಎಲ್ಲಾದರೂ ಎಂ.ಎ.ಗೆ ಅರ್ಜಿ ಹಾಕಿರ್ತಾಳೆ ಬಿಡೇ’ ಅಂದಳು.