ಹೆಬ್ಬೆರಳು ಹಾರಿದ್ದಷ್ಟೇ

ತಲೆಯ ಮೇಲೆ ಹಿಡಿದ ಕಾಯಿಲ್‌ನಿಂದ, ಅಂದರೆ ತಂತಿಯ ಸುರುಳಿಯಿಂದ, ಟಕ್ ಎಂದು ಸದ್ದಾಗುತ್ತದೆ. ಇದು ಟಿಎಂಎಸ್ ಮಷಿನ್: ತಲೆಯ ಹೊರಗಿನಿಂದಲೇ ಕಾಂತದ ಏಟು ಕೊಟ್ಟು ಮೆದುಳನ್ನು ಕೆಣಕುವ ಯಂತ್ರ. ಲಕ್ವಾ ಹೊಡೆದು ಎರಡು ತಿಂಗಳಿಂದ ಮಡಿಲಲ್ಲಿ ಬಿದ್ದಿದ್ದ ಕೈಯ ಹೆಬ್ಬೆರಳು ಚಿಮ್ಮುತ್ತದೆ. ಪೇಶಂಟ್‌ಗಿಂತ ಮೊದಲು ಪಕ್ಕದಲ್ಲಿ ಚೀಲ ಹಿಡಿದು ಕೂತ ಮಗ ಎದ್ದು ನಿಲ್ಲುತ್ತಾನೆ: "ಕೈ ಬಂತ್ರೀ ಡಾಕ್ಟ್ರ!"

ಬಂದಿಲ್ಲಪ್ಪಾ. ಹುಬ್ಬಳ್ಳಿಯಲ್ಲಿ ಕೂತು ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಬೆರಳು ಹಾರಿದ್ದು ಅಳತೆ, ಔಷಧವಲ್ಲ. ಒಬ್ಬೊಬ್ಬರ ಮೆದುಳು ಒಂದೊಂದು ಬಲಕ್ಕೆ ಓಗೊಡುತ್ತದೆ. ಹತ್ತು ಸಲ ಮಷಿನ್ ಒತ್ತಿದರೆ ಐದು ಸಲವಾದರೂ ಬೆರಳು ಅಲುಗಬೇಕು, ಅಂಥ ಅತಿ ಕಡಿಮೆ ಬಲ ಯಾವುದು ಎಂದು ಹುಡುಕಿ, ಅದರ ಮೇಲೆ ಡೋಸ್ ಗೊತ್ತುಮಾಡುತ್ತೇವೆ. ತಲೆಯಿಂದ ಹೊರಟ ಸಂದೇಶ ಕೈಗೆ ತಲುಪಲು ಸುಮಾರು 20 ಮಿಲಿಸೆಕೆಂಡ್ ಸಾಕು. ತಲುಪಿತು ಎಂದರೆ ದಾರಿ ಪೂರ್ತಿ ಕಡಿದಿಲ್ಲ ಎಂದಷ್ಟೇ ಅರ್ಥ. ವೈರ್‌ಮನ್ ಟೆಸ್ಟರ್ ಇಟ್ಟಾಗ ದೀಪ ಹತ್ತಿತು ಅಂತ ಫ್ಯಾನ್ ರಿಪೇರಿ ಆಯಿತೇನು?

ಇನ್ನು ಕೆಲವರು ಜಾತ್ರೆಯಲ್ಲಿ ಕೊಂಡ ಮ್ಯಾಗ್ನೆಟ್ ಬಳೆ ತೋರಿಸಿ, "ಇದೂ ಅದ ಅಲ್ರೀ?" ಎನ್ನುತ್ತಾರೆ. ಅಲ್ಲ. ನಮ್ಮ ಕಾಯಿಲ್‌ನ ಕಾಂತಕ್ಷೇತ್ರ ಸುಮಾರು ಒಂದೂವರೆ, ಎರಡು ಟೆಸ್ಲಾ (ಕಾಂತಕ್ಷೇತ್ರದ ಅಳತೆ) ತನಕ ಏರಿ, ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಇಳಿಯುತ್ತದೆ. ಈ ಏರಿಳಿತವೇ ಮೆದುಳಿನ ಮೇಲ್ಪದರದಲ್ಲಿ ಕರೆಂಟ್ ಹುಟ್ಟಿಸುವುದು. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು ಅದನ್ನು ತಲೆಗೆ ಹಚ್ಚಿದರು. ಬಳೆಯ ಅಯಸ್ಕಾಂತ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಕಿಕೊಳ್ಳಿ, ಚೆಂದ ಕಾಣ್ತದ.

ನನಗೆ ಸಿಟ್ಟು ತರಿಸುವುದು ಬಳೆಯಲ್ಲ. ಬೆರಳು ಹಾರಿದ ಮರುದಿನದಿಂದಲೇ ಮನೆಯಲ್ಲಿ ವ್ಯಾಯಾಮ ನಿಂತುಹೋಗುತ್ತದೆ. "ಮಷಿನ್ ಐತಲ್ರೀ, ಮತ್ಯಾಕ?" ಮಷಿನ್ ಮಾಡುವುದು ಇಷ್ಟೇ: ಸ್ವಲ್ಪ ಹೊತ್ತು ಮೆದುಳನ್ನು ಕಲಿಯುವ ಹದಕ್ಕೆ ತರಬಹುದು. ತರಬಹುದು, ತಂದೇ ತರುತ್ತದೆ ಎನ್ನಲಾರೆ. ಆ ಹದ ಗಂಟೆಯೊಪ್ಪತ್ತಿನಲ್ಲಿ ಆರುತ್ತದೆ. ಮಳೆ ಬಿದ್ದ ಹೊಲವನ್ನು ಬಿತ್ತದೆ ಬಿಟ್ಟರೆ ಏನು ಬೆಳೆದೀತು?

ಬ್ಯಾಡಗಿ ಕಡೆಯ ಅಜ್ಜಿಯೊಬ್ಬರ ಎಡಗೈ ಸೋತಿತ್ತು. ಲಕ್ವಾದ ಪೆಟ್ಟು ಬಿದ್ದದ್ದು ಆ ಕೈಯನ್ನು ಆಳುವ ಬಲ ಮೆದುಳಿಗೆ. ನಾನು ಕಾಯಿಲ್ ಇಟ್ಟದ್ದು ಎಡಗಡೆ, ಸೆಕೆಂಡಿಗೆ ಒಂದು ಏಟಿನಂತೆ. ಸೊಸೆಗೆ ಗಾಬರಿ: "ಚಲೋ ಇರೂ ಕಡೆ ಇಟ್ರೆಲ್ರೀ!" ನೆಟ್ಟಗಿರುವ ಅರ್ಧ, ಸೋತ ಅರ್ಧವನ್ನು ಅದುಮಿ ಹಿಡಿಯುತ್ತದೆ ಎಂಬುದು ಒಂದು ವಾದ, ನಿಧಾನದ ಏಟು ಆ ಜೋರನ್ನು ತುಸು ಇಳಿಸಬಹುದು. ಎಲ್ಲರಿಗೂ ಇದು ಒಗ್ಗುವುದಿಲ್ಲ. ಹತ್ತು ಸಲ ಬಂದರು, ಮೂರು ವಾರ ನಾಪತ್ತೆಯಾದರು, ಮುಷ್ಟಿ ಬಿಗಿದುಕೊಂಡು ಮರಳಿದರು. ಮನೆಯಲ್ಲಿ ಆ ಕೈಯನ್ನು ಯಾರೂ ಮುಟ್ಟಿರಲಿಲ್ಲ. ಬೈದೆ, ನಿಜ. ಆಮೇಲೆ ಕೇಳಿದೆ, "ಅಜ್ಜಿ, ಮೊದಲು ಏನು ಕೆಲಸ ಮಾಡ್ತಿದ್ರಿ?" ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರಂತೆ, ನಲವತ್ತು ವರ್ಷ. ನಾನು ಕೊಡುವ ಪ್ಲಾಸ್ಟಿಕ್ ಗುಂಡಿಗಿಂತ ಒಳ್ಳೆಯ ವ್ಯಾಯಾಮ ಎಲ್ಲಿ ಸಿಕ್ಕೀತು? ಮಷಿನ್ ಮುಗಿದ ಕೂಡಲೇ ಒಂದು ಬುಟ್ಟಿ, ಮನೆಗೆ ಹೋಗಿ ಇನ್ನೊಂದು.

ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗಿ ಬಿಗಿಯುವ ಮೆದುಳಿನ ಕಾಯಿಲೆಯಿಂದ ನಡು ಬಾಗಿದ ಪೇಶಂಟ್‌ಗಳ ಮಕ್ಕಳೂ ಕೇಳುತ್ತಾರೆ, "ಅಪ್ಪ ನೆಟ್ಟಗ ನಿಂದರ್ತಾರೇನ್ರೀ?" ಮಾತು ಕೊಡಲಾರೆ. ಮಾಮೂಲಿ ಕಾಯಿಲ್ ಮುಟ್ಟುವುದು ಎರಡು ಮೂರು ಸೆಂಟಿಮೀಟರ್ ಆಳ. ಕೈಯನ್ನು ಆಳುವ ಜಾಗ ಮೇಲೆಯೇ ಸಿಗುತ್ತದೆ, ಕಾಲಿನದು ಮೆದುಳಿನ ಎರಡು ಅರೆಗಳ ನಡುವಿನ ಸೀಳಿನಲ್ಲಿ ಒಳಗೆ ಅಡಗಿದೆ. ನಿಲ್ಲುವುದಕ್ಕಂತೂ ಕಣ್ಣು, ಒಳಗಿವಿ, ಅಂಗಾಲು, ಕಿರುಮೆದುಳು ಎಲ್ಲ ಸೇರಬೇಕು. ಕೈಕಾಲಿನ ಚಲನೆ ತುಸು ಹಗುರಾದವರಿದ್ದಾರೆ, ಆದರೆ ಬಾಗಿದ ಬೆನ್ನು ಇದೊಂದರಿಂದ ನೆಟ್ಟಗಾದದ್ದನ್ನು ನಾನು ಕಂಡಿಲ್ಲ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯಲ್ಲಿ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೊದಲು ಫಿಟ್ಸ್ ಬಂದಿದ್ದರೆ, ಚೀಟಿ ಮಾಡಿಸುವಾಗಲೇ ಹೇಳಿ. ಕಾಯಿಲ್ ಇಟ್ಟ ಮೇಲಲ್ಲ.

ಅಜ್ಜಿ ಮೊನ್ನೆ ಒಂದು ಕಣ್ಣು ಕೆಂಪು ಮಾಡಿಕೊಂಡು ಬಂದರು. ಅವರ ಕೈ ಗುಣವಾದದ್ದರಲ್ಲಿ ಮಷಿನ್‌ದು ಎಷ್ಟು, ಬುಟ್ಟಿಯದು ಎಷ್ಟು, ತಾನಾಗಿ ಬಂದದ್ದು ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. "ಬ್ಯಾಡಗಿ ಕಾಯಿಗೆ ಖಾರ ಇಲ್ಲ ಅಂತಾರ, ನೋಡ್ರಿ ಹೆಂಗ ಉರಿಯಾಕತ್ತೈತಿ," ಎಂದು ದೂರಿದರು.

"ಯಾವ ಕೈಲೆ ತಿಕ್ಕೊಂಡ್ರಿ ಅಜ್ಜಿ?"

ತುಸು ಹೊತ್ತು ಯೋಚಿಸಿ, ಎಡಗೈ ಎತ್ತಿ ತೋರಿಸಿದರು.