ಅಣಬೆ ಗಿಡವಲ್ಲ, ಪ್ರಾಣಿಯೂ ಅಲ್ಲ ಅಂದರೆ ಯಾವ ಪೈಕಿ?

ಪ್ರಶ್ನೆ: ಅಣಬೆ ಮಣ್ಣಿನಿಂದ ಏಳುತ್ತದೆ, ಇದ್ದಲ್ಲೇ ಇರುತ್ತದೆ. ಆದರೂ ಅದು ಸಸ್ಯವಲ್ಲವಂತೆ. ಹಾಗಾದರೆ ಪ್ರಾಣಿಯೇ? ವಿಜ್ಞಾನಿಗಳು ಇದನ್ನು ಹೇಗೆ ತೀರ್ಮಾನಿಸುತ್ತಾರೆ?

ಇದನ್ನು ಕೇಳುವ ಹಲವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಅಣಬೆ ತಿಂದರೆ ಸಸ್ಯಾಹಾರವೋ, ಮಾಂಸಾಹಾರವೋ? ಅದು ಅವರವರ ಅಡುಗೆಮನೆಗೆ ಬಿಟ್ಟದ್ದು. ಅಣಬೆ ಯಾವ ಪೈಕಿ ಎಂಬುದಕ್ಕೆ ಮಾತ್ರ ಗಟ್ಟಿ ಉತ್ತರವಿದೆ. ಅದು ಶಿಲೀಂಧ್ರ, ಅದರದ್ದೇ ಬೇರೆ ಸಾಮ್ರಾಜ್ಯ. ವಂಶ ಹಿಡಿದು ಹಿಂದಕ್ಕೆ ಹೋದರೆ, ಪಕ್ಕದಲ್ಲಿ ಬೆಳೆದ ಗಿಡಕ್ಕಿಂತ ಅದು ನಮಗೇ ಹತ್ತಿರದ ನೆಂಟ.

ಈ ತೀರ್ಮಾನಕ್ಕೆ ಬರಲು ಬಹಳ ಕಾಲ ಹಿಡಿಯಿತು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ ಎರಡು ಪದದ ಹೆಸರಿಟ್ಟು ಪಟ್ಟಿ ಮಾಡಿದಾಗ, ಅಣಬೆಗಳನ್ನು ಜರಿಗಿಡ, ಹಾವಸೆ, ಪಾಚಿಗಳ ಜೊತೆ ಕೊನೆಯ 24ನೇ ವರ್ಗದಲ್ಲಿ ಸೇರಿಸಿದ. ಹೂವು ಕಾಣಿಸದ್ದೆಲ್ಲ ಅಲ್ಲಿಗೆ. 1969ರಲ್ಲಿ ಅಮೆರಿಕದ ರಾಬರ್ಟ್ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಶಿಲೀಂಧ್ರಗಳನ್ನು ಸಸ್ಯಗಳಿಂದ ಬೇರೆ ಮಾಡಿದರು. ಅವರು ಮುಖ್ಯವಾಗಿ ನೋಡಿದ್ದು ಊಟದ ಕ್ರಮವನ್ನು. ಗಿಡ ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಪ್ರಾಣಿ ನುಂಗಿ ಒಳಗೆ ಅರಗಿಸುತ್ತದೆ. ಅಣಬೆ ಕಿಣ್ವವನ್ನು ಹೊರಗೆ ಸುರಿದು, ಅಲ್ಲೇ ಅರಗಿಸಿ, ಆಮೇಲೆ ಹೀರುತ್ತದೆ. ಅದರ ಜೀವಕೋಶದ ಗೋಡೆಯಲ್ಲಿ ಗಿಡಗಳಂತೆ ಸೆಲ್ಯುಲೋಸ್ ಇಲ್ಲ. ಇರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿರುವ ಅದೇ ವಸ್ತು.

ಆದರೆ ಊಟದ ಕ್ರಮ ಒಂದೇ ಆದಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ. 1977ರಲ್ಲಿ ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್, ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿ ಜೀವಿಗಳ ನೆಂಟಸ್ತನ ಅಳೆಯುವ ದಾರಿ ತೋರಿಸಿದರು. 1993ರ ಹೊತ್ತಿಗೆ ಆ ದಾರಿಯಲ್ಲೇ ನಡೆದವರಿಗೆ ಪ್ರಾಣಿಗಳೂ ಶಿಲೀಂಧ್ರಗಳೂ ಒಂದೇ ಕವಲಿನವು ಎಂದು ಕಂಡಿತು. ಸೂಕ್ಷ್ಮದರ್ಶಕದಲ್ಲೇ ಕಾಣುವ ಗುರುತೂ ಒಂದಿದೆ, ಬಾಲ. ನೀರಿನಲ್ಲಿರುವ ಕೈಟ್ರಿಡ್ ಎಂಬ ಶಿಲೀಂಧ್ರಗಳ ಬೀಜಕಣಕ್ಕೆ ಸಾಮಾನ್ಯವಾಗಿ ಹಿಂದೆ ಒಂದೇ ಬಾಲ, ಅದು ಹಿಂದಿನಿಂದ ತಳ್ಳುತ್ತದೆ. ಮನುಷ್ಯನ ವೀರ್ಯಾಣುವಿಗೂ ಹಾಗೆಯೇ.

ಇದೆಲ್ಲ ಪುಸ್ತಕದ ಮಾತಾಯಿತು, ನಮಗೇನು ಎಂದು ಕೇಳುವವರಿಗೆ ನಾನು ಅಡಿಕೆ ತೋಟವನ್ನು ತೋರಿಸುತ್ತೇನೆ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಣ್ಣ ಬೇಲಿಯಾಚೆಯಿಂದ ಕೇಳಿದರು: "ಎಲೆಚುಕ್ಕಿಗೆ ತಂದ ಔಷಧಿ ಉಳಿದಿದೆ ಮಾರಾಯ, ಕೊಳೆರೋಗ ಬಂದ ಅಡಿಕೆ ಗೊನೆಗೂ ಅದನ್ನೇ ಹೊಡೆದುಬಿಡಲಾ? ಎರಡೂ ಶಿಲೀಂಧ್ರವೇ ಅಲ್ವಾ?"

ಅಲ್ಲ. ಎಲೆಚುಕ್ಕಿ ತರುವ ಕೊಲೆಟೋಟ್ರೈಕಂ ನಿಜವಾದ ಶಿಲೀಂಧ್ರ. ಕೊಳೆರೋಗ ತರುವ ಫೈಟಾಫ್ಥೊರಾ ನೋಡಲು ಮಾತ್ರ ಶಿಲೀಂಧ್ರ. ಉದುರಿದ ಹಸಿ ಅಡಿಕೆಯನ್ನು ಎತ್ತಿ ನೋಡಿ: ಮೊದಲು ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆ, ಒಂದೆರಡು ದಿನ ಬಿಟ್ಟರೆ ಮೇಲೆಲ್ಲ ಹತ್ತಿಯಂಥ ಬಿಳಿ ಎಳೆ. ಯಾರಾದರೂ ಬೂಸ್ಟು ಎಂದೇ ಹೇಳುತ್ತಾರೆ. ಆದರೆ ಅದರ ಕೋಶದ ಗೋಡೆಯಲ್ಲಿ ಮುಖ್ಯವಾಗಿರುವುದು ಕೈಟಿನ್ ಅಲ್ಲ, ಸೆಲ್ಯುಲೋಸ್ ಮತ್ತು ಅದರ ಬಳಗದ ಗ್ಲುಕಾನ್‌ಗಳು. ಬೀಜಕಣಕ್ಕೆ ಎರಡು ಬಾಲ, ಮುಂದಿನದರ ಮೇಲೆ ನವಿರು ಕೂದಲು. ಮಳೆನೀರಿನ ತೆಳುವಾದ ಪದರದಲ್ಲಿ ಅದು ಕಾಯಿಯಿಂದ ಕಾಯಿಗೆ ಈಜುತ್ತದೆ. ಎಡೆಬಿಡದೆ ಮಳೆ ಹಿಡಿದ ಆಷಾಢದಲ್ಲಿ ಕೊಳೆ ಹಬ್ಬುವುದು ಇದರಿಂದಲೇ, ನಮ್ಮವರು ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದುದೂ ಇದಕ್ಕೇ. ವಂಶದಲ್ಲಿ ಅದರ ನೆಂಟರು ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್ ಎಂಬ ಒಂಟಿಕೋಶದ ಪಾಚಿಗಳು.

ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದಾಗ ನಮ್ಮ 'ಕೊಳೆರೋಗ' ಎಂಬ ಹೆಸರನ್ನೇ ಇಂಗ್ಲಿಷಿನಲ್ಲೂ ಬಳಸಿದರು. ಆಗ ಇಂಥ ಜೀವಿಗಳೆಲ್ಲ ಶಿಲೀಂಧ್ರಗಳ ಲೆಕ್ಕದಲ್ಲೇ ಇದ್ದವು. ಆದರೂ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕೆಲಸ ಮಾಡಿತು, ಏಕೆಂದರೆ ತಾಮ್ರ ವಂಶ ನೋಡುವುದಿಲ್ಲ. ಮೊಳೆಯಲು ಹೊರಟ ಬೀಜಕಣದ ಪ್ರೋಟೀನುಗಳನ್ನೇ ಅದು ಕೆಡಿಸುತ್ತದೆ.

ಈಚಿನ ಔಷಧಿಗಳು ಹಾಗಲ್ಲ. ಎಲೆಚುಕ್ಕಿಗೆ ಹೊಡೆಯುವ ಪ್ರೊಪಿಕೊನಜೋಲ್‌ನಂಥವು ಶಿಲೀಂಧ್ರ ತನ್ನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ಥೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಕೆಲಸವನ್ನು ತಡೆಯುವುದು ಹೇಗೆ? ಮೆಟಲಾಕ್ಸಿಲ್‌ನದು ಉಲ್ಟಾ: ಅದು ಫೈಟಾಫ್ಥೊರಾದ ಬಳಗಕ್ಕೆ ನಾಟುತ್ತದೆ, ನಿಜವಾದ ಶಿಲೀಂಧ್ರಕ್ಕೆ ನಾಟುವುದಿಲ್ಲ. ತಪ್ಪು ಪೈಕಿಗೆ ಸೇರಿಸಿದರೆ ದುಡ್ಡೂ ಹೋಗುತ್ತದೆ, ಗೊನೆಯೂ ಹೋಗುತ್ತದೆ. ಅದನ್ನು ಕಣ್ಣಾರೆ ಕಂಡವನಾದ್ದರಿಂದ ಅಣ್ಣನಿಗೆ ಒತ್ತಿ ಹೇಳಿದೆ.

ಅವರು ಬಾಟಲಿ ಒಳಗಿಟ್ಟು ಡ್ರಮ್ ತಂದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ಎತ್ತಿ ನೋಡಿದರು. ತುದಿಯಲ್ಲಿ ತಾಮ್ರದ ಕೆಂಪು ಹತ್ತಿತ್ತು. ಇನ್ನೆರಡು ಬೊಗಸೆ ಸುಣ್ಣ ಹಾಕಿ, ಅಲಗನ್ನು ಉಜ್ಜಿ ಮತ್ತೆ ಅದ್ದಿದಾಗ ಬೆಳ್ಳಗೇ ಬಂತು. ಮಧ್ಯಾಹ್ನ ಮಳೆ ಹೊಳವಾದಾಗ ಗೊನೆಗಳಿಗೆ ಹೊಡೆಸಿದರು.