ಜಪಾನಿನ ಖರೀದಿದಾರರು ಮುರಿದ ಸೂಜಿಯ ಲೆಕ್ಕ ಕೇಳುವುದೇಕೆ?

ಬಳ್ಳಾರಿಯ ಜೀನ್ಸ್ ಘಟಕಕ್ಕೆ ಜಪಾನಿನಿಂದ ಖರೀದಿಯ ವಿಚಾರಣೆ ಬಂದರೆ ದರಕ್ಕಿಂತ ಮೊದಲು ಕಾಗದದ ಮೇಲೆ ಕಿರಿಕಿರಿ ಶುರುವಾಗುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ. "ನಮ್ಮ ಮೇಲೆ ನಂಬಿಕೆ ಇಲ್ಲವೇನ್ರೀ?" ಎಂದು ಮಾಲೀಕರು ಮುನಿಸಿಕೊಳ್ಳುತ್ತಾರೆ. ನಂಬಿಕೆಯ ಮಾತು ಬೇರೆ, ಇದು ಬೇರೆ.

ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್, ಕಂಪ್ಯೂಟರ್ ಕಂಪನಿ ಐಬಿಎಂನ ನೌಕರರಿಂದ 1967–73ರಲ್ಲಿ ಪಡೆದ ಉತ್ತರಗಳನ್ನು ಇಟ್ಟುಕೊಂಡು ದೇಶಗಳಿಗೆ ಅಂಕ ಕೊಟ್ಟರು. ಕೆಲಸದಲ್ಲಿ ಎಷ್ಟು ಒತ್ತಡ, ಕಂಪನಿಗೆ ಲಾಭವಿದ್ದರೂ ನಿಯಮ ಮುರಿಯಬಾರದೇ, ಇದೇ ಕಂಪನಿಯಲ್ಲಿ ಎಷ್ಟು ವರ್ಷ ಇರುತ್ತೀರಿ: ಈ ಮೂರರಿಂದ ಅನಿಶ್ಚಿತತೆಯನ್ನು ದೂರವಿಡುವ ಗುಣವನ್ನು ಅಳೆದರು. ಗ್ರೀಸ್ 112, ಜಪಾನ್ 92, ಜರ್ಮನಿ 65, ಭಾರತ 40, ಸಿಂಗಪುರ 8. ದಂಡದ ಕಾನೂನಿಗೆ ಹೆಸರಾದ ಸಿಂಗಪುರಕ್ಕೇ 8 ಬಂದಿದೆ. ಸರ್ಕಾರದ ನಿಯಮ ಎಷ್ಟಿವೆ ಎಂಬುದನ್ನು ಈ ಅಂಕ ಹೇಳುವುದಿಲ್ಲ. ಸರಾಸರಿ ಲೆಕ್ಕವಾದ್ದರಿಂದ ಎದುರಿಗೆ ಕೂತ ವ್ಯಕ್ತಿಯ ಸ್ವಭಾವವನ್ನೂ ಹೇಳುವುದಿಲ್ಲ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಅಂಕ ಹೆಚ್ಚಿದ್ದವರು ಪುಕ್ಕಲರು ಎಂದುಕೊಳ್ಳುತ್ತಾರೆ. ಜರ್ಮನಿಯ ಹೆದ್ದಾರಿ ಆಟೋಬಾನ್‌ನ ಬಹುಭಾಗದಲ್ಲಿ ವೇಗದ ಮಿತಿಯೇ ಇಲ್ಲ. ಜರ್ಮನರು ಹಾಯಾಗಿ ಓಡಿಸುತ್ತಾರೆ. ಗೊತ್ತಿರುವ ಅಪಾಯವನ್ನು ಅವರು ಹೊರುತ್ತಾರೆ, ಏನಾಗುತ್ತದೋ ಗೊತ್ತಿಲ್ಲದ ಸ್ಥಿತಿ ಮಾತ್ರ ಸಹಿಸಲಾಗದು. ನಮ್ಮ "ನೋಡೋಣ, ಆಗುತ್ತೆ ಬಿಡ್ರಿ" ಜಪಾನಿನ ಖರೀದಿದಾರರಿಗೂ ಉತ್ತರವೇ ಅಲ್ಲ. ಮಾಲು ತಡವಾಗುವುದಾದರೆ ಹೊಸ ತಾರೀಖು, ಕಾರಣ, ಈವರೆಗೆ ಮುಗಿದ ಪೀಸುಗಳು, ಇಷ್ಟನ್ನು ಅವರು ಕೇಳುವ ಮೊದಲೇ ಬರೆದು ಕಳಿಸಬೇಕು.

ವಾಷಿಂಗ್‌ನಲ್ಲೂ ಹೀಗೆಯೇ. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿಗೆ ಹೋದರೆ ಬಣ್ಣ ಬದಲಾಗಬಹುದು. ತಿಳಿ, ನಡು, ಗಾಢ ಎಂದು ಮೂರು ತುಂಡು ಕಳಿಸಿ, ಎಲ್ಲಿಂದ ಎಲ್ಲಿಯವರೆಗೆ ಒಪ್ಪಿಗೆ ಎಂದು ಮೊದಲೇ ಸಹಿ ಹಾಕಿಸಿಕೊಳ್ಳಿ. ಆಮೇಲೆ ಆ ಮಿತಿಯೊಳಗೆ ಗಾಢ ಬಂದರೂ ತಕರಾರಿಲ್ಲ.

ಇನ್ನು ಸೂಜಿ. ಮುರಿದರೆ ಆ ಮಷಿನ್ ನಿಲ್ಲಬೇಕು. ತುಂಡುಗಳನ್ನೆಲ್ಲ ಹುಡುಕಿ ಜೋಡಿಸಿ, ಟೇಪಿನಿಂದ ರಿಜಿಸ್ಟರ್‌ಗೆ ಅಂಟಿಸಿ, ದಿನಾಂಕ, ವೇಳೆ, ಮಷಿನ್ ಸಂಖ್ಯೆ ಬರೆಯಬೇಕು. ಹಳೆಯದು ಕೊಟ್ಟರಷ್ಟೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಅದು ಬಟ್ಟೆಯಲ್ಲೇ ಉಳಿದಿರಬಹುದು, ಆದ್ದರಿಂದ ಆ ಬಂಡಲ್ ಬೇರೆ ಇಟ್ಟು ಸೂಜಿ ಪತ್ತೆ ಯಂತ್ರದಲ್ಲಿ ಹಾಯಿಸಬೇಕು. ಸಂಜೆ ಕೂತು ಒಟ್ಟಿಗೆ ತುಂಬಿಸಿದ ರಿಜಿಸ್ಟರ್ ಒಂದೇ ಪೆನ್ನು, ಒಂದೇ ಕೈಬರಹದಿಂದ ಸಿಕ್ಕಿಬೀಳುತ್ತದೆ.

ಗುಂಡಿ, ರಿವೆಟ್, ಜಿಪ್‌ನಲ್ಲಿ ಕಬ್ಬಿಣವಿದ್ದರೆ ಪ್ರತಿ ಪ್ಯಾಂಟಿಗೂ ಯಂತ್ರ ಕೂಗುತ್ತದೆ, ಸೂಜಿ ಯಾವುದು ಗುಂಡಿ ಯಾವುದು ತಿಳಿಯುವುದಿಲ್ಲ. ಆಯಸ್ಕಾಂತಕ್ಕೆ ಅಂಟದ ಸಾಮಾನೇ ಬೇಕೆಂದು ಹೇಳಿ, ಖರೀದಿಗೆ ಮೊದಲು ನಾಲ್ಕು ಮಾದರಿ ಯಂತ್ರದಲ್ಲಿ ಹಾಯಿಸಿ ನೋಡಿ. ಆಮೇಲೆ ಬದಲಿಸೋಣ ಎಂದು ಬಡಿದ ರಿವೆಟ್ ಕಿತ್ತರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ.